ಬಚ್ಚಲ ನೀರಿನ ಲೆಕ್ಕ ಕೇಳಿದ್ದು

ಶ್ರೀನಿವಾಸಪುರದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಪಹಣಿ ತಿದ್ದುಪಡಿ, ಪಿಂಚಣಿ, ಪೌತಿ ಖಾತೆ, ಹೀಗೆ ದಿನವಿಡೀ ಬೇರೆಯವರ ಅರ್ಜಿಗಳ ಒಕ್ಕಣೆ ಬರೆಯುವುದೇ ನನ್ನ ಕೆಲಸ. ಬಂದವರಿಗೆಲ್ಲ ಒಂದು ಮಾತು ಹೇಳಿ ಕಳಿಸುತ್ತೇನೆ: ಅರ್ಜಿ ಕೊಟ್ಟು ಬರಿಗೈಯಲ್ಲಿ ಬರಬೇಡಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. ನಮ್ಮಪ್ಪನಿಗೆ ಕಾಯಿಲೆ ಬಂದಾಗ ಈ ಮಾತು ನನಗೇ ನೆನಪಾಗಲಿಲ್ಲ. ನೆನಪಾಗುವ ಹೊತ್ತಿಗೆ ಆ ಆಸ್ಪತ್ರೆಯ ಮಾಳಿಗೆ ಟ್ಯಾಂಕು ತೊಳೆದು ಆಗಿತ್ತು.

2023ರ ಫೆಬ್ರವರಿ. ಮಾವು ಹೂ ಬಿಟ್ಟಿತ್ತು. ತೋಪಿನಲ್ಲಿ ಔಷಧಿ ಹೊಡೆಸುವಾಗ ಅಪ್ಪ ಟ್ರ್ಯಾಕ್ಟರಿನ ಟ್ರೈಲರ್ ಮೇಲಿಂದ ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ವಯಸ್ಸು 67, ಸಕ್ಕರೆ ಕಾಯಿಲೆ ಇದೆ, ಮೂವತ್ತು ವರ್ಷ ಬೀಡಿ ಸೇದಿದ ಎದೆ. 6ನೇ ತಾರೀಕು ಕೋಲಾರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. 8ಕ್ಕೆ ಆಪರೇಷನ್. ಆಪರೇಷನ್ ಚೆನ್ನಾಗಿಯೇ ಆಯಿತು, ಅದನ್ನು ಮಾಡಿದ ಡಾಕ್ಟರ ಮೇಲೆ ನನಗೆ ಇವತ್ತಿಗೂ ದೂರಿಲ್ಲ.

ವಾರ್ಡು ಎರಡನೇ ಮಹಡಿಯಲ್ಲಿತ್ತು. ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದು, ಬಣ್ಣ ಹೊಡೆಸಿ ಹಿಂದಿನ ವಾರವಷ್ಟೇ ತೆರೆದಿದ್ದೇವೆ ಎಂದು ಆಯಾ ಹೇಳಿದಳು. ಹೊಸ ಬಣ್ಣದ ವಾಸನೆ ಕಂಡು ನಾವು ಖುಷಿಪಟ್ಟಿದ್ದೆವು. 12ನೇ ತಾರೀಕು ಭಾನುವಾರ, ಅಪ್ಪನಿಗೆ ಸ್ನಾನ ಮಾಡಿಸಬಹುದು ಅಂದರು. ಗಾಯದ ಮೇಲೆ ನೀರು ಇಳಿಯದ ಪಟ್ಟಿ ಹಾಕಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕೈಯಲ್ಲಿ ಹಿಡಿಯುವ ಶವರ್ ತೆಗೆದೆವು. ಅದರ ಮೂತಿಗೆ ಬಿಳೀ ಉಪ್ಪು ಕಟ್ಟಿತ್ತು. ನಮ್ಮ ಕಡೆಯ ಬೋರ್‌ವೆಲ್ ನೀರೆಂದರೆ ಹಾಗೇ, ಸಾವಿರ ಅಡಿ ಕೆಳಗಿನಿಂದ ಬರುವ ನೀರು ಪಾತ್ರೆಯನ್ನೂ ಬಿಡುವುದಿಲ್ಲ. ಅರ್ಧ ತೂತು ಮುಚ್ಚಿದ್ದರಿಂದ ಉಳಿದ ತೂತುಗಳಲ್ಲಿ ನೀರು ಎಳೆಯಾಗಿ ಬರದೆ, ಚಿಮ್ಮಿ ತುಂತುರಾಗಿ ಬಂತು. ಮೊದಲು ಕೆಂಪಗೆ, ಆಮೇಲೆ ತಿಳಿ. ಸೋಲಾರ್ ನೀರು ಅಂದಿದ್ದರು, ಬಂದದ್ದು ಉಗುರುಬೆಚ್ಚಗೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅಪ್ಪ ಆ ತುಂತುರಿನಲ್ಲಿ ಹತ್ತು ನಿಮಿಷ ಕೂತಿದ್ದರು, "ಹಾಯ್ ಅನಿಸ್ತಾ ಇದೆ" ಅಂದರು. 14ಕ್ಕೆ ಇನ್ನೊಂದು ಸ್ನಾನ. ನಡುವೆ ಎದೆ ಕಟ್ಟಿದ್ದಕ್ಕೆ, ಔಷಧಿಯನ್ನು ತುಂತುರಾಗಿಸಿ ಉಸಿರಿಗೆ ಕೊಡುವ ನೆಬುಲೈಜರ್ ಕೊಟ್ಟರು. ಔಷಧಿ ಹಾಕುವ ಆ ಪುಟ್ಟ ಬಟ್ಟಲನ್ನು ನರ್ಸ್ ಕೈ ತೊಳೆಯುವ ನಲ್ಲಿಯ ಕೆಳಗೆ ಹಿಡಿದು, ಒಂದು ಸಲ ಕೊಡವಿ, ಮತ್ತೆ ಸಿಕ್ಕಿಸಿದಳು. ನಾನು ನೋಡುತ್ತಾ ನಿಂತಿದ್ದೆ. ತೊಳೆದಳಲ್ಲ, ಒಳ್ಳೆಯದೇ ಅಂದುಕೊಂಡೆ.

15ಕ್ಕೆ ಮನೆಗೆ ಬಂದೆವು. 18 ಶಿವರಾತ್ರಿ. ಮಾರನೇ ದಿನ ಚಳಿಜ್ವರ ಶುರುವಾಯಿತು, ಒಣಕೆಮ್ಮು, ಭೇದಿ. ಮತ್ತೆ ಅದೇ ಆಸ್ಪತ್ರೆ. ನಿಮೋನಿಯಾ ಅಂದರು, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಹಾಕಿದರು. ಎರಡು ದಿನವಾದರೂ ಜ್ವರ ಜಗ್ಗಲಿಲ್ಲ. ಮೂರನೇ ರಾತ್ರಿ ಅಪ್ಪ ನನ್ನನ್ನು ಗುರುತಿಸಲಿಲ್ಲ. ತಮ್ಮ ಅಕ್ಕನ ಹೆಸರು ಹಿಡಿದು ಕರೆದರು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲಕ್ಕೆ ನಿಂತುಹೋದ ತೆಲುಗಿನಲ್ಲಿ, "ಬಾವಿಲೋ ನೀಳ್ಳು ಉನ್ನಾಯಾ?" ಎಂದು ಕೇಳಿದರು. ಆ ಬಾವಿ ಬತ್ತಿ ಮೂವತ್ತು ವರ್ಷವಾಗಿದೆ. ಇವೆ ಅಪ್ಪ, ತುಂಬಾ ಇವೆ ಅಂದೆ.

23ಕ್ಕೆ ಆಂಬುಲೆನ್ಸಿನಲ್ಲಿ ಬೆಂಗಳೂರು. ಅಲ್ಲಿಯ ಐಸಿಯು ಡಾಕ್ಟರ್, ನನಗಿಂತ ಚಿಕ್ಕ ಹುಡುಗಿ, ರಕ್ತದ ರಿಪೋರ್ಟ್ ನೋಡುತ್ತಾ ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು: "ಹದಿನಾಲ್ಕು ದಿನದಿಂದ ಎಲ್ಲೆಲ್ಲಿದ್ದರು? ಶವರ್‌ನಲ್ಲಿ ಸ್ನಾನ ಮಾಡಿದರಾ?" ಸೋಡಿಯಂ 122ಕ್ಕೆ ಇಳಿದಿತ್ತು. ನಿಮೋನಿಯಾ ಜೊತೆಗೆ ಭೇದಿ, ಮಂಕು, ಸೋಡಿಯಂ ಕುಸಿತ, ಸಾಮಾನ್ಯ ಇಂಜೆಕ್ಷನ್‌ಗೆ ಬಗ್ಗದ ಜ್ವರ, ಮೇಲೆ ಹೊಸದಾಗಿ ಆಸ್ಪತ್ರೆಯಲ್ಲಿದ್ದು ಬಂದವರು. ಇವೆಲ್ಲ ಒಟ್ಟಿಗೆ ಕಂಡರೆ ಒಂದು ಪರೀಕ್ಷೆ ಮಾಡಿಸಲೇಬೇಕು ಅಂದಳು. ಮೂತ್ರದ ಪರೀಕ್ಷೆ. ಲೀಜಿಯೊನೆಲ್ಲಾ ಪಾಸಿಟಿವ್ ಬಂತು. ಔಷಧಿ ಲೀವೊಫ್ಲಾಕ್ಸಾಸಿನ್‌ಗೆ ಬದಲಾಯಿತು. ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಹೊಕ್ಕು ಬೆಳೆಯುತ್ತದಂತೆ, ಸೆಫ್ಟ್ರಿಯಾಕ್ಸೋನ್ ಅಲ್ಲಿ ಕೆಲಸ ಮಾಡುವುದಿಲ್ಲ. ಮೂರನೇ ದಿನ ಅಪ್ಪ ನನ್ನ ಹೆಸರು ಹೇಳಿದರು.

ಲೀಜಿಯೊನೆಲ್ಲಾ ಎಂಬ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದಿದೆ. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ನಿವೃತ್ತ ಸೈನಿಕರ ಸಂಘ ಅಮೆರಿಕನ್ ಲೀಜನ್ನಿನ ಸಮಾವೇಶ ನಡೆಯಿತು. ಹೋದವರು ಊರಿಗೆ ಮರಳಿ ಒಬ್ಬೊಬ್ಬರಾಗಿ ನಿಮೋನಿಯಾಕ್ಕೆ ಬಿದ್ದರು, 34 ಜನ ಸತ್ತರು. ಕಾರಣವಾದ ಬ್ಯಾಕ್ಟೀರಿಯಾವನ್ನು ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿ ಗುರುತಿಸಿದ್ದು ಪ್ರಕಟವಾದದ್ದು 1977ರ ಜನವರಿಯಲ್ಲಿ. ಆಸ್ಪತ್ರೆಗಳನ್ನೂ ಅದು ಬಿಟ್ಟಿಲ್ಲ. 1985ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್ ಜಿಲ್ಲಾ ಆಸ್ಪತ್ರೆಯಲ್ಲಿ ಹವಾನಿಯಂತ್ರಣದ ಕೂಲಿಂಗ್ ಟವರಿನಿಂದ ಹರಡಿ 28 ಜನರನ್ನು ಬಲಿ ತೆಗೆದುಕೊಂಡಿತು. ಆಸ್ಪತ್ರೆಯಲ್ಲಿ ಅಂಟಿಸಿಕೊಂಡವರಲ್ಲಿ ಸುಮಾರು ನಾಲ್ವರಿಗೊಬ್ಬರು ಉಳಿಯುವುದಿಲ್ಲ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಆ ಸಾಲು ಓದಿದಾಗ ಗಾಜಿನ ಬಾಗಿಲಾಚೆ ಅಪ್ಪನ ಪಕ್ಕದ ಮೂರು ಮಂಚಗಳು ಕಾಣುತ್ತಿದ್ದವು.

ಓದುತ್ತಾ ಹೋದಂತೆ ಆ ಬಚ್ಚಲು ಕಣ್ಣ ಮುಂದೆ ಬಂತು. ಇದು ಸಾಮಾನ್ಯವಾಗಿ ಕುಡಿದು ಬರುವ ಕಾಯಿಲೆ ಅಲ್ಲ, ತುಂತುರಿನ ಜೊತೆ ಉಸಿರಿಗೆ ಹೋಗಿ ಬರುವುದು. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲವೆನ್ನುವಷ್ಟು ಅಪರೂಪ. 20ರಿಂದ 45 ಡಿಗ್ರಿ ಬಿಸಿಯ ನೀರು ಅದಕ್ಕೆ ಬೇಕು, ಅಂದರೆ ನಮ್ಮ ಉಗುರುಬೆಚ್ಚಗೆ. ಹರಿಯದೆ ನಿಂತ ಪೈಪಿನ ಒಳಮೈಯ ಲೋಳೆಯಲ್ಲಿ, ಉಪ್ಪು ಕಟ್ಟಿದ ಶವರ್ ಮೂತಿಯಲ್ಲಿ ಅದು ಮನೆ ಮಾಡುತ್ತದೆ. ಬಿಸಿನೀರಿನ ಟ್ಯಾಂಕನ್ನು 60 ಡಿಗ್ರಿಯಲ್ಲಿಟ್ಟರೆ ಸಾಯುತ್ತದೆ. ಖಾಲಿ ಕೋಣೆಗಳ ನಲ್ಲಿಗಳನ್ನು ವಾರವಾರ ತೆರೆದು ಬಿಡಬೇಕು. ನೆಬುಲೈಜರ್ ಬಟ್ಟಲನ್ನು ತೊಳೆಯಲು ಕ್ರಿಮಿರಹಿತ ನೀರೇ ಬೇಕು, ನಲ್ಲಿ ನೀರು ಕೂಡದು. ಎಲ್ಲ ಇಷ್ಟೇ ಇಷ್ಟು ಸಣ್ಣ ಕೆಲಸಗಳು.

ಮಾರ್ಚ್ 6ಕ್ಕೆ ಅಪ್ಪ ಮನೆಗೆ ಬಂದರು. 8ಕ್ಕೆ ನಾನು ಕೋಲಾರಕ್ಕೆ ಹೋದೆ. ಜಗಳಕ್ಕೆ ಹೋದದ್ದಲ್ಲ. ನಿಮ್ಮ ನೀರಿನಲ್ಲಿ ಹೀಗಿರಬಹುದು, ಪರೀಕ್ಷೆ ಮಾಡಿಸಿ, ವಾರ್ಡಿನಲ್ಲಿದ್ದವರಿಗೆಲ್ಲ ಫೋನ್ ಮಾಡಿ ಎಂದು ಹೇಳಲು ಹೋದೆ. ಮ್ಯಾನೇಜರ್ ಮರ್ಯಾದೆಯಿಂದಲೇ ಕೂರಿಸಿದರು, ಕಾಫಿ ತರಿಸಿದರು, ಚೆಕ್ ಮಾಡಿಸ್ತೀವಮ್ಮ ಅಂದರು. ನಾನು ನಂಬಿ, ಕಾಗದವಿಲ್ಲದೆ ಎದ್ದು ಬಂದೆ. ಹತ್ತು ದಿನ ಬಿಟ್ಟು ಹೋದಾಗ ಟ್ಯಾಂಕು ತೊಳೆದಿದ್ದರು, ಕ್ಲೋರಿನ್ ಹಾಕಿದ್ದರು, ಬಚ್ಚಲಲ್ಲಿ ಹೊಸ ಶವರ್ ಹೊಳೆಯುತ್ತಿತ್ತು. ರೋಗಿಗಳಿಗೆ ಅದು ಒಳ್ಳೆಯದೇ, ಆ ಬಗ್ಗೆ ಎರಡು ಮಾತಿಲ್ಲ. ತೊಳೆಯುವ ಮೊದಲು ಒಂದು ಸೀಸೆ ನೀರನ್ನು ಪರೀಕ್ಷೆಗೆ ಕಳಿಸಿದ್ದರೆ ಸಾಕಿತ್ತು. "ರಿಪೋರ್ಟ್ ಇದೆ ನೋಡಿ" ಎಂದು ಒಂದು ಹಾಳೆ ತೋರಿಸಿದರು. ಕುಡಿಯಲು ಯೋಗ್ಯ ಎಂದಿತ್ತು. ಕುಡಿಯುವ ನೀರಿನ ಮಾಮೂಲಿ ಪರೀಕ್ಷೆ ಹುಡುಕುವುದು ಮಲದಿಂದ ಬರುವ ಕೋಲಿಫಾರ್ಮ್, ಇ ಕೋಲಿಗಳನ್ನು. ಲೀಜಿಯೊನೆಲ್ಲಾವನ್ನು ಬೇರೆಯದೇ ಮಾಧ್ಯಮದಲ್ಲಿ ದಿನಗಟ್ಟಲೆ ಬೆಳೆಸಿ ಹುಡುಕಬೇಕು. ಆ ಹಾಳೆ ಸುಳ್ಳಲ್ಲ, ಆದರೆ ನನ್ನ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಅವತ್ತು ಬಸ್ಸಿನಲ್ಲಿ ಬರುವಾಗಲೇ ಒಕ್ಕಣೆ ಶುರುಮಾಡಿದೆ.

ಮೊದಲ ಅರ್ಜಿ ದಾಖಲೆಗಳಿಗೆ. 2002ರ ಭಾರತೀಯ ವೈದ್ಯಕೀಯ ಮಂಡಳಿಯ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ರೋಗಿಯೋ ಅವರು ಒಪ್ಪಿಸಿದವರೋ ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆಯ ಪ್ರತಿ ಕೊಡಬೇಕು. ಬಾಯಲ್ಲಿ ಕೇಳಿದಾಗ ಡಿಸ್ಚಾರ್ಜ್ ಸಮ್ಮರಿಯ ಇನ್ನೊಂದು ಪ್ರತಿ ಕೊಟ್ಟು, ಇಷ್ಟೇ ಅಂದಿದ್ದರು. ಅಷ್ಟೇ ಅಲ್ಲ. ಕೇಸ್ ಶೀಟ್, ನರ್ಸ್‌ಗಳ ದಿನಚರಿ, ಔಷಧಿ ಪಟ್ಟಿ, ಲ್ಯಾಬ್ ರಿಪೋರ್ಟ್, ಎಲ್ಲವನ್ನೂ ಒಂದೊಂದಾಗಿ ಹೆಸರಿಸಿ, ಅಪ್ಪನ ಸಹಿ ಹಾಕಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಸ್ವೀಕೃತಿ ಚೀಟಿಯೊಂದಿಗೆ ಕಳಿಸಿದೆ. 72 ಗಂಟೆಯಲ್ಲಿ ಬರಲಿಲ್ಲ, ಹನ್ನೊಂದನೇ ದಿನ ಬಂತು. 64 ಹಾಳೆ. ರಾತ್ರಿ ಅಂಗಡಿ ಮುಚ್ಚಿಕೊಂಡು ಒಂದೊಂದೇ ಓದಿದೆ. 31ನೇ ಹಾಳೆಯಲ್ಲಿ, 12/2ರ ಬೆಳಗಿನ ಪಾಳಿಯ ನರ್ಸ್ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಶವರ್ ಬಾತ್ ಕೊಡಲಾಯಿತು. 14ಕ್ಕೂ ಅದೇ ಸಾಲು. ನೆಬುಲೈಜರ್ ಕೊಟ್ಟ ಹೊತ್ತುಗಳೂ ಇದ್ದವು. ಆ ಹುಡುಗಿ ತನ್ನ ಕೆಲಸ ತಾನು ನೆಟ್ಟಗೆ ಮಾಡಿದ್ದಳು. ಮುಂದೆ ಇಡೀ ಕೇಸು ನಿಂತದ್ದು ಅವಳ ಆ ಎರಡು ಸಾಲಿನ ಮೇಲೆ.

ಆಮೇಲೆ ನೆನಪಾದದ್ದು ಪಕ್ಕದ ಮಂಚ. ಮಾಲೂರು ಕಡೆಯ ಹಿರಿಯರು, ನಮಗಿಂತ ನಾಲ್ಕು ದಿನ ಮೊದಲೇ ಸೇರಿದ್ದರು. ಅವರ ಮಗ ಮತ್ತು ನಾನು ರಾತ್ರಿ ಹೊತ್ತು ಸರದಿಯಲ್ಲಿ ಇಬ್ಬರನ್ನೂ ನೋಡಿಕೊಂಡಿದ್ದೆವು. ನನ್ನ ಮೊಬೈಲಿನಲ್ಲಿ ಅವರು "ಪಕ್ಕದ ಬೆಡ್ ಮಾಲೂರು" ಎಂದೇ ಇದ್ದರು. ಫೋನ್ ಮಾಡಿ, ಅಪ್ಪಾಜಿ ಹೇಗಿದ್ದಾರೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಹೋದ್ರಮ್ಮ. ಮನೆಗೆ ಬಂದ ಮೇಲೆ ನ್ಯುಮೋನಿಯಾ ಆಯ್ತು. ವಯಸ್ಸಾಗಿತ್ತಲ್ಲ." ಮೂತ್ರದ ಪರೀಕ್ಷೆ ಯಾರೂ ಮಾಡಿಸಿರಲಿಲ್ಲ. ನನಗೆ ತಿಳಿದದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡರು, "ಈಗ ಅದನ್ನೆಲ್ಲ ಕೆದಕಿ ಏನು ಬರುತ್ತೆ" ಅಂದರು. ಅವರ ತಂದೆಗೆ ಇದೇ ಕಾಯಿಲೆ ಆಗಿತ್ತೆಂದು ನಾನು ಹೇಳಲಾರೆ, ಇನ್ನು ಯಾರೂ ಹೇಳಲಾರರು. ಆದರೆ ಒಬ್ಬರಿಗೆ ಬಂದರೆ ಬರೀ ನಿಮೋನಿಯಾ, ಹತ್ತು ಜನರದ್ದನ್ನು ಒಟ್ಟಿಗಿಟ್ಟು ನೋಡಿದರೆ ತಾನೇ ಅದು ಹಬ್ಬುತ್ತಿದೆ ಎಂದು ಗೊತ್ತಾಗುವುದು? ಫಿಲಡೆಲ್ಫಿಯಾದಲ್ಲಿ ಆದದ್ದೂ ಅದೇ. ಬೇರೆಬೇರೆ ಊರುಗಳಲ್ಲಿ ಸತ್ತವರನ್ನು ಯಾರೋ ಒಂದು ಪಟ್ಟಿಯಲ್ಲಿ ಬರೆದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿಯಂತೆ, ಒಂದೇ ಆಸ್ಪತ್ರೆಯಲ್ಲಿ ಅಂಟಿರಬಹುದಾದ ಇಂಥ ಎರಡು ಪ್ರಕರಣ 12 ತಿಂಗಳೊಳಗೆ ಕಂಡರೆ ಪೂರ್ತಿ ತನಿಖೆ ಆಗಬೇಕು. ಇಲ್ಲಿ ಪಟ್ಟಿ ಬರೆಯಲು ನನ್ನ ಬಳಿ ಇದ್ದದ್ದು ಒಂದು ಫೋನ್ ನಂಬರು.

ಎರಡನೇ ಅರ್ಜಿ ಜಿಲ್ಲಾಧಿಕಾರಿಗಳಿಗೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಅವರ ಅಧ್ಯಕ್ಷತೆಯಲ್ಲಿ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ತಪಾಸಣೆ ಆಯಿತು. ಬಿಸಿನೀರಿನ ತಾಪಮಾನ ಬರೆದಿಡುವ ಪುಸ್ತಕ ಆಸ್ಪತ್ರೆಯಲ್ಲಿ ಇಲ್ಲವೆಂಬುದು ದಾಖಲಾಯಿತು. ಈ ಒಂದು ವಾಕ್ಯಕ್ಕಾಗಿ ಆ ಅರ್ಜಿ ಸಾರ್ಥಕವಾಯಿತು.

ಮೂರನೆಯದು ಗ್ರಾಹಕರ ಆಯೋಗ. ವಕೀಲರಿಗೆ ಕೊಡಲು ದುಡ್ಡಿರಲಿಲ್ಲ, ಬೆಂಗಳೂರಿನ ಬಿಲ್ಲೇ 3.4 ಲಕ್ಷ ನುಂಗಿತ್ತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ಹಕ್ಕಿದೆ. ಬಿಲ್ ಕಟ್ಟಿದವಳು ನಾನು, ಚಿಕಿತ್ಸೆ ಪಡೆದವರು ಅಪ್ಪ, ಇಬ್ಬರೂ ಗ್ರಾಹಕರೇ, ಹಾಗಾಗಿ ಇಬ್ಬರ ಹೆಸರಲ್ಲೂ ಹಾಕೋಣ ಎಂದರು ನಮಗೆ ಸಿಕ್ಕ ವಕೀಲರು. ದುಡ್ಡು ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. 2019ರ ಕಾಯ್ದೆಯಲ್ಲಿ ನಾವು ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಆ ಆಸ್ಪತ್ರೆಗೆ ನಾವು ಕಟ್ಟಿದ್ದು 2.1 ಲಕ್ಷ. ಎರಡು ವರ್ಷದೊಳಗೆ ದೂರು ಹಾಕಬೇಕು. ನಾವು ಹಾಕಿದ್ದು ಒಂಬತ್ತನೇ ತಿಂಗಳಿಗೆ.

ಅವರ ಉತ್ತರ ಬಂತು. ಜ್ವರ ಬಂದದ್ದು ಡಿಸ್ಚಾರ್ಜ್ ಆದ ನಾಲ್ಕು ದಿನಕ್ಕೆ, ಮನೆಯಲ್ಲೇ ಅಂಟಿರಬೇಕು ಎಂದಿದ್ದರು. ಓದಿ ನನಗೆ ಹೊಟ್ಟೆ ಉರಿಯಿತು. ಆದರೆ ನಮ್ಮ ಪಕ್ಷದಲ್ಲಿದ್ದ ನಿಜವಾದ ದೌರ್ಬಲ್ಯವೂ ಅದೇ. ಈ ಕಾಯಿಲೆ ಅಂಟಿದ ಮೇಲೆ ಕಾಣಿಸಿಕೊಳ್ಳಲು 2ರಿಂದ 14 ದಿನ ಹಿಡಿಯುತ್ತದೆ. ಆ 14 ದಿನದಲ್ಲಿ ಹತ್ತು ದಿನವಾದರೂ ಒಂದೇ ಆಸ್ಪತ್ರೆಯಲ್ಲಿ ಇದ್ದಿದ್ದರೆ ಅಲ್ಲಿಯದೇ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದಂತೆ. ಅಪ್ಪ ಇದ್ದದ್ದು ಒಂಬತ್ತು ಚಿಲ್ಲರೆ. ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ನೀರಿನಲ್ಲಿ ಸಿಕ್ಕಿದ್ದರ ಜೊತೆ ತಾಳೆ ನೋಡಿದ್ದರೆ ವಾದವೇ ಬೇಕಿರಲಿಲ್ಲ. ಅಪ್ಪನದು ಒಣಕೆಮ್ಮು, ಸಿಕ್ಕಿದ ಚೂರು ಕಫದಲ್ಲಿ ಏನೂ ಬೆಳೆಯಲಿಲ್ಲ. ಮೂತ್ರದ ಪರೀಕ್ಷೆ ಕಾಯಿಲೆ ಇದೆ ಎಂದು ಹೇಳುತ್ತದೆ, ಯಾವ ನಲ್ಲಿಯಿಂದ ಬಂತೆಂದು ಹೇಳುವುದಿಲ್ಲ. ನೀರಿನ ಸೀಸೆಯಂತೂ ಇರಲೇ ಇಲ್ಲ.

ವಕೀಲರು ಒಂದು ಭಾನುವಾರ ನಮ್ಮ ಮನೆಗೇ ಬಂದರು. ಹಿತ್ತಲ ಬಚ್ಚಲು ತೋರಿಸಿ ಅಂದರು. ಒಲೆಯ ಮೇಲೆ ಅಜ್ಜಿಯ ಕಾಲದ ತಾಮ್ರದ ಹಂಡೆ, ಕೆಳಗೆ ಮಾವಿನ ಕಟ್ಟಿಗೆ, ಪಕ್ಕದಲ್ಲಿ ಚೊಂಬು. ಅಪ್ಪ ಜೀವಮಾನದಲ್ಲಿ ಸ್ನಾನ ಮಾಡಿದ್ದು ಹೀಗೆ: ಕುದಿಯುವ ನೀರಿಗೆ ತಣ್ಣೀರು ಬೆರೆಸಿ, ಚೊಂಬಿನಲ್ಲಿ ಮೊಗೆದು. ನಮ್ಮ ಮನೆಯಲ್ಲಿ ಶವರ್ ಇಲ್ಲ, ಕೂಲರ್ ಇಲ್ಲ, ಎಸಿ ಇಲ್ಲ. ಅವರು ಫೋಟೋ ತೆಗೆದರು, ಪ್ರಮಾಣಪತ್ರದ ಜೊತೆ ಸೇರಿಸಿದರು. ಆ ಹಂಡೆಯ ಫೋಟೋ, ನರ್ಸಿನ ಎರಡು ಸಾಲು, ಇಲ್ಲದ ತಾಪಮಾನದ ಪುಸ್ತಕ, ಇಷ್ಟೇ ನಮ್ಮ ಸಾಕ್ಷ್ಯ. ಇದರ ಜೊತೆಗೆ ಅವರು ಇಟ್ಟದ್ದು 2004ರ ಸವಿತಾ ಗರ್ಗ್ ತೀರ್ಪು. ಆಸ್ಪತ್ರೆಯ ಒಳಗೆ ಏನು ನಡೆಯಿತೆಂದು ಗೊತ್ತಿರುವುದು ಆಸ್ಪತ್ರೆಗೇ, ರೋಗಿಯ ಕಡೆಯವರು ಮೇಲ್ನೋಟಕ್ಕೆ ಪ್ರಕರಣ ತೋರಿಸಿದ ಮೇಲೆ ಎಚ್ಚರಿಕೆ ವಹಿಸಿದ್ದೆವು ಎಂದು ತೋರಿಸುವ ಹೊರೆ ಅವರದೇ ಎಂಬುದು ಅದರ ತಿರುಳು. ಹಾಗಾದರೆ ತೋರಿಸಿ ಎಂದು ಕೇಳಿದೆವು. ಟ್ಯಾಂಕು ತೊಳೆಸಿದ ಎರಡು ಬಿಲ್ಲು ಬಂದವು. ಒಂದರ ತಾರೀಕು ನಾನು ಕಾಫಿ ಕುಡಿದು ಬಂದ ಮೂರನೇ ದಿನದ್ದು.

ನಡುವಿನ ದಿನಗಳನ್ನು ಹೇಳುವಂಥದ್ದೇನಿಲ್ಲ. ವಾಯಿದೆ, ಬಸ್ಸು, ವಾಯಿದೆ. ಅಪ್ಪ ನಡೆಯುತ್ತಾರೆ, ತೋಪಿನ ಕೊನೆಯವರೆಗೆ ಹೋಗಲಾರರು, ಅರ್ಧಕ್ಕೆ ಕೂರುತ್ತಾರೆ.

2025ರಲ್ಲಿ ಇಬ್ಬರ ಒಪ್ಪಿಗೆಯ ಮೇಲೆ ಆಯೋಗ ಮಧ್ಯಸ್ಥಿಕೆಗೆ ಕಳಿಸಿತು. ಅವರು ಪೂರ್ತಿ ಬಿಲ್ ವಾಪಸ್ ಕೊಡಲು, ಬೆಂಗಳೂರಿನ ಖರ್ಚಿನಲ್ಲಿ ಅರ್ಧ ಕೊಡಲು ಸಿದ್ಧರಿದ್ದರು. ಒಂದು ಷರತ್ತು ಇತ್ತು, ಈ ವಿಷಯ ಎಲ್ಲೂ ಮಾತಾಡಬಾರದು. ನನ್ನ ತಮ್ಮ, ಸಹಿ ಹಾಕಿಬಿಡು ಅಂದ. ನಾನು ಆ ಕಲಂ ತೆಗೆದರಷ್ಟೇ ಎಂದೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಆದದ್ದನ್ನು ಹೇಳುತ್ತೇನೆ ಎಂಬಲ್ಲಿಗೆ ಬಂದು ನಿಂತೆವು. ಹಾಗಾಗಿ ಇಲ್ಲಿ ಹೆಸರಿಲ್ಲ. ಅಪ್ಪ ಕೇಳಿದ್ದು ಒಂದೇ: ಬಿಸಿನೀರು 60 ಡಿಗ್ರಿಯಲ್ಲಿ ಇಡಬೇಕು, ನಲ್ಲಿಯಲ್ಲಿ ಸುಡದಂತೆ ಬೆರಕೆ ಮಾಡುವ ವಾಲ್ವ್ ಹಾಕಬೇಕು, ಖಾಲಿ ಕೋಣೆಯ ನೀರು ವಾರವಾರ ಬಿಡಬೇಕು, ಬರೆದಿಡಬೇಕು. ಅದೂ ಒಪ್ಪಂದದಲ್ಲಿ ಸೇರಿತು, ಆಯೋಗದ ಆದೇಶದಲ್ಲಿ ದಾಖಲಾಯಿತು.

ಒಂದು ಕೊರಗು ಉಳಿದಿದೆ. ರಾಜಿಯಲ್ಲಿ ತಪ್ಪು ಯಾರದೆಂದು ಬರೆಯುವುದಿಲ್ಲ. ಆ ಎರಡನೇ ಮಹಡಿಯಲ್ಲಿ ಆ ಫೆಬ್ರವರಿಯಲ್ಲಿ ಮಲಗಿದ್ದವರಿಗೆ ಯಾರೂ ಫೋನ್ ಮಾಡಲಿಲ್ಲ. ಅದನ್ನು ಒಪ್ಪಂದಕ್ಕೆ ಸೇರಿಸಲು ಎಷ್ಟು ಕೇಳಿದರೂ ಆಗಲಿಲ್ಲ.

ಈ ಜನವರಿಯಲ್ಲಿ ಒಂದು ಸಂಜೆ "ಪಕ್ಕದ ಬೆಡ್ ಮಾಲೂರು" ಎಂದು ಮೊಬೈಲು ಹೊಳೆಯಿತು. ತಂದೆಯ ತಿಥಿ ಹತ್ತಿರ ಬರುತ್ತಿದೆ, ತಾಯಿ ದಿನಾ ಕೇಳುತ್ತಾರೆ, ಏನಾಗಿ ಹೋದರು ಎಂದು ತಿಳಿಯಬೇಕು, ಈಗ ಕೇಳಬಹುದಾ ಅಂದರು. ದೂರು ಹಾಕುವ ಎರಡು ವರ್ಷ ದಾಟಿದೆ, ತಡವಾದದ್ದಕ್ಕೆ ಸರಿಯಾದ ಕಾರಣ ಒಪ್ಪಿಸಬೇಕು, ಆಯೋಗ ಒಪ್ಪಲೂಬಹುದು, ಬಿಡಲೂಬಹುದು ಎಂದು ಇದ್ದದ್ದು ಇದ್ದಂತೆ ಹೇಳಿದೆ. ಆದರೆ ದಾಖಲೆ ಬೇರೆ ಮಾತು. ಅದೇ 2002ರ ನಿಯಮದಂತೆ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಅದನ್ನು ಇಟ್ಟಿರಬೇಕು. ಅವರ ತಂದೆ ಸೇರಿದ್ದು ಫೆಬ್ರವರಿ 2. ಕೈಯಲ್ಲಿ ಹದಿನಾರು ದಿನ ಇತ್ತು.

ರಾತ್ರಿಯೇ ಟೈಪ್ ಮಾಡಿದೆ. ಮಂಗಳವಾರ ಇಬ್ಬರೂ ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಸೇರಿ ಆಸ್ಪತ್ರೆಗೆ ನಡೆದೆವು. ಅವರು ಅರ್ಜಿ ಕೊಟ್ಟರು. ಕೌಂಟರಿನ ಹುಡುಗ ಇಟ್ಟು ಹೋಗಿ ಅಂದ. ಅವರು ಕದಲಲಿಲ್ಲ, ಇನ್ನೊಂದು ಪ್ರತಿ ಮುಂದೆ ಚಾಚಿದರು. ಹುಡುಗ ಒಳಗೆ ಹೋಗಿ ಬಂದು, ಡ್ರಾಯರಿನಿಂದ ಸೀಲು ತೆಗೆದು ಒತ್ತಿದ, ತಾರೀಕು ಬರೆದ, ಸಹಿ ಹಾಕಿದ.